ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹೊತ್ತು ಎಷ್ಟು?



ಒಂದು ಟಿಕೆಟ್ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ದೆಹಲಿ ಬಿಡುವುದು ಮಂಗಳವಾರ ಬೆಳಗಿನ ಜಾವ 3 ಗಂಟೆ. ಸ್ಯಾನ್ ಫ್ರಾನ್ಸಿಸ್ಕೋ ಸೇರುವುದು ಅದೇ ಮಂಗಳವಾರ ಬೆಳಗ್ಗೆ 5 ಗಂಟೆ. ಎರಡೇ ಗಂಟೆಯ ಪ್ರಯಾಣ! ದೆಹಲಿಯಿಂದ ಬೆಂಗಳೂರಿಗೆ ಹಾರುವುದಕ್ಕೇ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಇನ್ನು ವಾಪಸ್ ಟಿಕೆಟ್ ನೋಡಿ: ಅಲ್ಲಿಂದ ಸೋಮವಾರ ಬೆಳಗ್ಗೆ 10ಕ್ಕೆ ಹೊರಟು ದೆಹಲಿಯಲ್ಲಿ ಮಂಗಳವಾರ ಮಧ್ಯಾಹ್ನ 3.30ಕ್ಕೆ ಇಳಿಯುವುದು. ಬೆರಳು ಮಡಚಿ ಎಣಿಸಿದರೆ ಇಪ್ಪತ್ತೊಂಬತ್ತೂವರೆ ಗಂಟೆ. ಹೋಗುವಾಗ ಎರಡು, ಬರುವಾಗ ಇಪ್ಪತ್ತೊಂಬತ್ತೂವರೆ. ಊರು ಅದೇ, ವಿಮಾನ ಅದೇ. (ಇವು ಲೆಕ್ಕಕ್ಕೆಂದು ಇಟ್ಟುಕೊಂಡ ಚಳಿಗಾಲದ ಸಮಯಗಳು, ಯಾವ ಕಂಪನಿಯ ವೇಳಾಪಟ್ಟಿಯೂ ಅಲ್ಲ.)

ಎರಡು ಊರುಗಳ ಗಡಿಯಾರಗಳು ಬೇರೆ ಬೇರೆ ಎಂದು ನಿಮಗೆ ಗೊತ್ತೇ ಇದೆ. ಆದರೂ ಮಗನನ್ನೋ ಮಗಳನ್ನೋ ನೋಡಲು ಮೊದಲ ಬಾರಿ ಹೊರಟ ಅಪ್ಪ ಅಮ್ಮನಿಗೆ, ಅವರನ್ನು ಕಳಿಸಿಕೊಟ್ಟು ಮುಂಬಯಿಯಲ್ಲೋ ಪುಣೆಯಲ್ಲೋ ಫೋನ್ ಹಿಡಿದು ಕೂತವರಿಗೆ, ನಿಜವಾಗಿ ಎಷ್ಟು ಗಂಟೆ ಆಕಾಶದಲ್ಲಿರುತ್ತಾರೆ ಎಂಬುದೇ ಮುಖ್ಯ. ಅದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. ಟಿಕೆಟ್ಟಿನಲ್ಲಿ ಕಾಣುವ ಆ ಎರಡು ಸುಳ್ಳು ಅವಧಿಗಳನ್ನು ಕೂಡಿಸಿ. 2 ಮತ್ತು 29.5 ಕೂಡಿದರೆ 31.5. ಇದು ಸುಳ್ಳಲ್ಲ! ಹೋಗುವಾಗ ಗಡಿಯಾರ ಎಷ್ಟು ಕದ್ದಿತೋ ಬರುವಾಗ ಅಷ್ಟನ್ನೇ ಹಿಂದಿರುಗಿಸುತ್ತದೆ, ಆದ್ದರಿಂದ ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ. ಅದರ ಅರ್ಧ, ಅಂದರೆ ಹದಿನೈದೂಮುಕ್ಕಾಲು ಗಂಟೆ, ಒಂದು ಕಡೆಯ ಸರಾಸರಿ ಹಾರಾಟ. ಯಾವ ಎರಡು ಊರುಗಳಿಗಾದರೂ ಈ ಲೆಕ್ಕ ನಡೆಯುತ್ತದೆ.

ಇನ್ನೂ ನಿಖರವಾಗಿ ಬೇಕೆಂದರೆ ಇದನ್ನು ನೆನಪಿಡಿ. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಮೆರಿಕದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನಮಗೆ ಆ ಗೊಡವೆ ಇಲ್ಲ. ಇಲ್ಲಿ ರಾತ್ರಿ 9 ಆಗಿದ್ದರೆ ಅದನ್ನು ಬೆಳಗಿನ 9 ಎಂದು ತಿರುಗಿಸಿ, ಚಳಿಗಾಲವಾದರೆ ಒಂದೂವರೆ ಗಂಟೆ, ಬೇಸಿಗೆಯಾದರೆ ಅರ್ಧ ಗಂಟೆ ಕಳೆಯಿರಿ. ಅಲ್ಲಿ ಬೆಳಗ್ಗೆ 7.30 ಅಥವಾ 8.30. ಮೊಮ್ಮಗುವನ್ನು ಎಬ್ಬಿಸದೆ ಫೋನ್ ಮಾಡುವುದಕ್ಕೂ ಇದೇ ಲೆಕ್ಕ.

ನಿಂಬೆಹಣ್ಣಿನ ಮೇಲೆ ದಾರ

ಈಗ ದೂರದ ಮಾತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ದೆಹಲಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಸುಮಾರು 12,380 ಕಿಲೋಮೀಟರ್ ಎಂದು ಸಿಗುತ್ತದೆ. ಬೆಂಗಳೂರಿನಿಂದಾದರೆ ಸುಮಾರು 13,990. ಈ ಸಂಖ್ಯೆಗಳು ಎಲ್ಲಿಂದ ಬಂದವು?

ಗೋಡೆಯ ಮೇಲಿನ ಭೂಪಟ ನೋಡಿದರೆ ಎರಡೂ ಊರುಗಳು ಎರಡು ಅಂಚಿನಲ್ಲಿವೆ. ನಮ್ಮ ಮನಸ್ಸು ಎಡಕ್ಕೆ ಗೆರೆ ಎಳೆಯುತ್ತದೆ: ಅರಬಸ್ತಾನ, ಯೂರೋಪು, ಅಟ್ಲಾಂಟಿಕ್ ಸಾಗರ, ಅಮೆರಿಕ. ಒಂದು ದೊಡ್ಡ ನಿಂಬೆಹಣ್ಣೋ ಮೋಸಂಬಿಯೋ ತೆಗೆದುಕೊಂಡು ಎರಡು ಗುಂಡುಪಿನ್ ಚುಚ್ಚಿ ನೋಡಿ. ಒಂದು ದೆಹಲಿಯ ಜಾಗದಲ್ಲಿ, ಇನ್ನೊಂದು ಹೆಚ್ಚುಕಡಿಮೆ ಅದರ ಬೆನ್ನ ಹಿಂದೆ, ಎರಡೂ ನಡುವಿನ ಪಟ್ಟಿಗಿಂತ ಮೇಲೆ. ಈಗ ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ, ತಾನಾಗಿಯೇ ಹಣ್ಣಿನ ತೊಟ್ಟಿನ ಕಡೆಗೆ ಜಾರುತ್ತದೆ. ತೊಟ್ಟು ಅಂದರೆ ಉತ್ತರ ಧ್ರುವ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದೇ. ಇದಕ್ಕೆ ಮಹಾವೃತ್ತ ಎನ್ನುತ್ತಾರೆ. ಆ 12,380 ಈ ದಾರದ ಅಳತೆ.

ಹಾಗಾದರೆ ದೆಹಲಿಯ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನೇರ ಉತ್ತರಕ್ಕೆ, ಕೊಂಚವೇ ಬಲಕ್ಕೆ ವಾಲಿ ಹೊರಡಬೇಕು. ಹಿಮಾಲಯ, ಟಿಬೆಟ್, ಷಿನ್‌ಜಿಯಾಂಗ್, ಸೈಬೀರಿಯಾ, ಹೆಪ್ಪುಗಟ್ಟಿದ ಆರ್ಕ್‌ಟಿಕ್ ಸಾಗರ, ಅಲಾಸ್ಕಾ, ಆಮೇಲೆ ಕೆನಡಾದ ಕರಾವಳಿ ಹಿಡಿದು ಇಳಿಯುವುದು. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ ಮೊದಲ ಹೆಜ್ಜೆಯಲ್ಲೇ ಹಿಮಾಲಯ ಅಡ್ಡ ನಿಂತಿದೆ.

ವಿಮಾನ 35,000 ಅಡಿ ಎತ್ತರದಲ್ಲಿ ಹಾರುತ್ತದೆ, ಎವರೆಸ್ಟ್ 29,000 ಅಡಿ ಚಿಲ್ಲರೆ, ಮತ್ತೇನು ತೊಂದರೆ ಎಂದು ಕೇಳಬಹುದು. ತೊಂದರೆ ಶಿಖರದಲ್ಲಿಲ್ಲ, ಅದರ ಹಿಂದಿರುವ ಟಿಬೆಟ್ ಪ್ರಸ್ಥಭೂಮಿಯಲ್ಲಿದೆ. ಯಾವುದೋ ಕಾರಣಕ್ಕೆ ಕ್ಯಾಬಿನ್ನಿನ ಗಾಳಿಯೊತ್ತಡ ಹೋಯಿತು ಅಂದುಕೊಳ್ಳಿ. ತಲೆಯ ಮೇಲಿಂದ ಹಳದಿ ಮಾಸ್ಕ್ ಇಳಿಯುತ್ತದೆ. ಪ್ರಯಾಣಿಕರ ಮಾಸ್ಕಿನಲ್ಲಿ ಬರುವ ಆಮ್ಲಜನಕ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ನಿಮಿಷಕ್ಕೆ ಸಾಕಾಗುವಷ್ಟು ಮಾತ್ರ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ ಇಳಿಸಬೇಕು, ಅಲ್ಲಿ ಮಾಸ್ಕಿಲ್ಲದೆ ಉಸಿರಾಡಬಹುದು. ಟಿಬೆಟ್ಟಿನ ನೆಲವೇ ಸರಾಸರಿ 15,000 ಅಡಿ ಎತ್ತರದಲ್ಲಿದೆ! ಇಳಿಯುವುದೆಲ್ಲಿಗೆ? ಆದ್ದರಿಂದ ಆ ಕಡೆ ವಿಮಾನಗಳು ಬಹಳ ಅಪರೂಪ. ನಮ್ಮ ದಾರ ಅಲ್ಲೇ ತುಂಡಾಯಿತು.

ಉದ್ದದ ದಾರಿಯೇ ಬೇಗ

ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಶುರು ಮಾಡಿದ್ದು 2015ರ ಡಿಸೆಂಬರಿನಲ್ಲಿ. ಮೊದಲು ಹಿಡಿದ ದಾರಿ ಪಶ್ಚಿಮದ್ದು, ಯೂರೋಪು ಮತ್ತು ಅಟ್ಲಾಂಟಿಕ್ ದಾಟಿಕೊಂಡು. ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರಿನಲ್ಲಿ ಒಂದು ದಿನ ಅದೇ ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ನೋಡಿದರು. ಬಾಂಗ್ಲಾದೇಶ, ಮ್ಯಾನ್ಮಾರ್, ಚೀನಾ, ಜಪಾನ್ ದಾಟಿ ಇಡೀ ಪೆಸಿಫಿಕ್ ಮಹಾಸಾಗರದ ಮೇಲೆ ಹಾರಿ ಸ್ಯಾನ್ ಫ್ರಾನ್ಸಿಸ್ಕೋ ಸೇರಿತು. ಹಾರಿದ ದೂರ 15,300 ಕಿಲೋಮೀಟರ್, ಅಂದರೆ 1,400 ಕಿಲೋಮೀಟರ್ ಹೆಚ್ಚು. ಹಿಡಿದ ಸಮಯ ಹದಿನಾಲ್ಕೂವರೆ ಗಂಟೆ, ಅಂದರೆ ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಕಡಿಮೆ!

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಭಾಗಿಸಿ ನೋಡಿ. ಪೂರ್ವದ ದಾರಿಯಲ್ಲಿ ಗಂಟೆಗೆ ಸರಾಸರಿ 1,055 ಕಿಲೋಮೀಟರ್. ಪಶ್ಚಿಮದ ದಾರಿಗೆ ಹದಿನಾರೂವರೆ ಗಂಟೆ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 840. ವಿಮಾನ ಎರಡೂ ಕಡೆ ಬೋಯಿಂಗ್ 777. ಗಾಳಿಯಲ್ಲಿ ಅದರ ಸಹಜ ವೇಗ ಗಂಟೆಗೆ 900 ಕಿಲೋಮೀಟರಿನ ಆಸುಪಾಸು. ಒಂದು ಕಡೆ ಯಾರೋ ಹಿಂದಿನಿಂದ ತಳ್ಳಿದ್ದಾರೆ, ಇನ್ನೊಂದು ಕಡೆ ಮುಂದಿನಿಂದ ತಡೆದಿದ್ದಾರೆ.

ಹಂಪಿಯಲ್ಲಿ ಹರಿಗೋಲು ಹತ್ತಿದ್ದರೆ ನಿಮಗೆ ಇದು ಹೇಳಿಕೊಡಬೇಕಿಲ್ಲ. ಅಂಬಿಗ ಅದೇ ಬಲದಿಂದ ಹುಟ್ಟು ಹಾಕುತ್ತಾನೆ, ಹೊಳೆಯ ಜೊತೆಗೆ ಹೋದರೆ ಸರ್ರನೆ, ಎದುರಿಗೆ ಹೋದರೆ ಬೆವರಿಳಿಸಿಕೊಂಡು. ಆಕಾಶದಲ್ಲೂ ಹೊಳೆಗಳಿವೆ. ಮೂವತ್ತರಿಂದ ನಲವತ್ತು ಸಾವಿರ ಅಡಿ ಎತ್ತರದಲ್ಲಿ, ಭೂಮಿಯ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳು. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಸಮಭಾಜಕದ ಕಡೆಯ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆ ಗಾಳಿಗೂ ಇರುವ ವ್ಯತ್ಯಾಸವೇ ಇದರ ಮೂಲ. ವ್ಯತ್ಯಾಸ ಹೆಚ್ಚಿದಷ್ಟೂ ಹೊಳೆ ರಭಸ. ಹಾಗಾಗಿ ಚಳಿಗಾಲದಲ್ಲಿ ಇದಕ್ಕೆ ಪ್ರವಾಹ ಬಂದಂತೆ, ಬೇಸಿಗೆಯಲ್ಲಿ ಇಳಿತ. ಜಗತ್ತಿನಲ್ಲಿ ಇದು ಅತಿ ರಭಸವಾಗಿ ಹರಿಯುವ ಜಾಗಗಳಲ್ಲಿ ಜಪಾನಿನ ನೆತ್ತಿ ಒಂದು. ಅಲ್ಲಿ ಗಂಟೆಗೆ 200 ಕಿಲೋಮೀಟರ್ ಸಾಮಾನ್ಯ, ಒಮ್ಮೊಮ್ಮೆ 300 ದಾಟುತ್ತದೆ.

ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ವಾಸಾಬುರೊ ಓಇಶಿ ಎಂಬ ಜಪಾನಿ ಹವಾಮಾನ ತಜ್ಞರು. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು ದೂರದರ್ಶಕದಲ್ಲಿ ಅದರ ಜಾಡು ಹಿಡಿದು ಲೆಕ್ಕ ಹಾಕಿದರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಬರೆದರು. ಎಲ್ಲರಿಗೂ ಅರ್ಥವಾಗಲೆಂದೇ ಸೃಷ್ಟಿಯಾದ ಆ ಭಾಷೆಯಲ್ಲಿ ಬರೆದ ವರದಿಯನ್ನು ಹೊರಗಿನವರು ಹೆಚ್ಚುಕಡಿಮೆ ಯಾರೂ ಓದಲಿಲ್ಲ! ಎರಡನೇ ಮಹಾಯುದ್ಧದಲ್ಲಿ 1944ರ ಕೊನೆಗೆ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಜಪಾನಿನ ಮೇಲೆ ಹೋದಾಗ ಅಲ್ಲಿನ ಗಾಳಿ ನೋಡಿ ಪೈಲಟ್‌ಗಳು ಕಂಗಾಲಾದರು.

ಇಂದು ಕಂಪನಿಗಳು ಆ ಗಾಳಿಯನ್ನು ಹುಡುಕಿಕೊಂಡೇ ಹೋಗುತ್ತವೆ. ಜಪಾನ್ ಮತ್ತು ಅಮೆರಿಕದ ನಡುವೆ ಪೆಸಿಫಿಕ್ ಮೇಲಿನ ದಾರಿಗಳನ್ನು ದಿನವೂ ಆಯಾ ದಿನದ ಗಾಳಿ ನೋಡಿ ಹೊಸದಾಗಿ ಗುರುತಿಸುತ್ತಾರೆ. ನೆನ್ನೆಯ ವಿಮಾನ ಹೋದ ದಾರಿಯಲ್ಲೇ ನಾಳೆಯದೂ ಹೋಗಬೇಕೆಂದಿಲ್ಲ. ಅದಕ್ಕೇ ನೋಡಿ, ಒಂದೇ ವಿಮಾನ ಒಂದು ದಿನ ಮುಕ್ಕಾಲು ಗಂಟೆ ಮೊದಲೇ ಬಂದು ಇಳಿದಿರುತ್ತದೆ, ಇನ್ನೊಂದು ದಿನ ಯಾವ ತೊಂದರೆಯೂ ಇಲ್ಲದೆ ತಡವಾಗಿರುತ್ತದೆ.

ಹೀಗೆ ಗಂಟೆಗೆ ಸಾವಿರ ದಾಟಿದಾಗ ವಿಮಾನ ಶಬ್ದದ ವೇಗವನ್ನು ಮೀರಿತೇ ಎಂದು ಕೆಲವರು ಕೇಳುತ್ತಾರೆ. ಮೀರುವುದಿಲ್ಲ. ವಿಮಾನದ ರೆಕ್ಕೆಗೆ ನೆಲ ಗೊತ್ತಿಲ್ಲ, ತನ್ನ ಸುತ್ತಲಿನ ಗಾಳಿ ಮಾತ್ರ ಗೊತ್ತು. ಆ ಗಾಳಿಯಲ್ಲಿ ಅದು 900ರ ಹತ್ತಿರವೇ ಹಾರುತ್ತಿರುತ್ತದೆ. 2019ರ ಫೆಬ್ರವರಿಯಲ್ಲಿ ವರ್ಜಿನ್ ಅಟ್ಲಾಂಟಿಕ್ ಕಂಪನಿಯ ಒಂದು ಬೋಯಿಂಗ್ 787 ಅಮೆರಿಕದ ಪೆನ್ಸಿಲ್ವೇನಿಯಾ ಮೇಲೆ ನೆಲದ ಲೆಕ್ಕದಲ್ಲಿ ಗಂಟೆಗೆ 1,289 ಕಿಲೋಮೀಟರ್ ಮುಟ್ಟಿತ್ತು. ಒಳಗೆ ಕೂತವರ ಕಾಫಿ ತುಳುಕಿರಲಾರದು.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಹಳೆಯದು. ಭೂಮಿ ಪೂರ್ವಕ್ಕೆ ತಿರುಗುತ್ತಿದೆ, ಆದ್ದರಿಂದ ಪಶ್ಚಿಮಕ್ಕೆ ಹೊರಟರೆ ಊರೇ ನಮ್ಮೆದುರಿಗೆ ಬಂದುಬಿಡುತ್ತದೆ ಅಲ್ಲವೇ? ಮುಂಬಯಿಯಿಂದ ಬೆಂಗಳೂರಿಗೆ ಓಡುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಕಿತ್ತಳೆ ಹಣ್ಣು ಮೇಲಕ್ಕೆ ಎಸೆದರೆ ಅದು ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲ, ನಿಮ್ಮ ಕೈಗೇ ಬರುತ್ತದೆ. ರೈಲಿನ ಜೊತೆ ಹಣ್ಣು, ಅದರ ಸುತ್ತಲಿನ ಗಾಳಿ ಎಲ್ಲವೂ ಓಡುತ್ತಿವೆ. ಭೂಮಿಯೂ ತನ್ನ ಗಾಳಿಯನ್ನು ಹೊತ್ತುಕೊಂಡೇ ತಿರುಗುತ್ತದೆ. ಲಾಭ ನಷ್ಟ ಎರಡೂ ಆ ಜೆಟ್ ಸ್ಟ್ರೀಮಿನಿಂದ.

ಪೂರ್ವಕ್ಕೆ ಹೋದರೆ ಲಾಭ ಎಂದಾದ ಮೇಲೆ ವಾಪಸ್ ಬರುವಾಗಲೂ ಪೂರ್ವಕ್ಕೇ ಹೋಗಬಾರದೇಕೆ? ಹೋಗಬಹುದು. 2017ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲ ವಾರದಲ್ಲಿ, ಮಹಿಳಾ ದಿನಕ್ಕೆ ಸ್ವಲ್ಪ ಮೊದಲು, ಏರ್ ಇಂಡಿಯಾದ ಮಹಿಳಾ ಸಿಬ್ಬಂದಿ ಮಾತ್ರವೇ ಇದ್ದ ವಿಮಾನ ದೆಹಲಿಯಿಂದ ಪೆಸಿಫಿಕ್ ಮೇಲೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿ, ಅಟ್ಲಾಂಟಿಕ್ ಮೇಲೆ ವಾಪಸ್ ಬಂದಿತು. ಎರಡೂ ಸಲ ಪೂರ್ವಕ್ಕೆ! ಹೋಗಿ ಬಂದದ್ದರಲ್ಲಿ ಭೂಮಿಗೆ ಒಂದು ಪ್ರದಕ್ಷಿಣೆಯೇ ಆಯಿತು. ದೇವಸ್ಥಾನದಲ್ಲಿ ನಾವು ಹಾಕುವ ಪ್ರದಕ್ಷಿಣೆಗೆ ದಿಕ್ಕಿನ ನಿಯಮವಿದೆ, ಇಲ್ಲಿ ಆ ನಿಯಮ ಹಾಕಿದ್ದು ಗಾಳಿ.

ಪೂರ್ವದ ದಾರಿಯಲ್ಲಿ ಹೋಗುವವರಿಗೆ ಇನ್ನೊಂದು ವಿಚಿತ್ರ ಅನುಭವ ಕಾದಿರುತ್ತದೆ. ಮಂಗಳವಾರ ನಸುಕಿನಲ್ಲಿ ಹೊರಡುತ್ತೀರಿ. ಚೀನಾದ ಮೇಲೆ ಬೇಗ ಬೆಳಕಾಗುತ್ತದೆ. ಪೆಸಿಫಿಕ್ ಮೇಲೆ ಅಷ್ಟೇ ಬೇಗ ಕತ್ತಲಾಗುತ್ತದೆ. ಸಾಗರದ ನಡುವೆ ದಿನಾಂಕ ರೇಖೆ ದಾಟಿದೊಡನೆ ಮಂಗಳವಾರ ಹೋಗಿ ಸೋಮವಾರ ಬರುತ್ತದೆ. ಇಳಿಯುವ ಹೊತ್ತಿಗೆ ಮತ್ತೆ ಅದೇ ಮಂಗಳವಾರದ ನಸುಕು. ಮಂಗಳವಾರ ಒಪ್ಪೊತ್ತು ಮಾಡುವವರು ಎರಡು ಸಲ ಮಾಡಬೇಕೇ ಎಂಬುದನ್ನು ಮನೆಯ ಹಿರಿಯರನ್ನೇ ಕೇಳಿ.

ಧ್ರುವದ ಮೇಲೆ ಬೆಂಗಳೂರಿಗೆ

ಬೆಂಗಳೂರಿನವರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದಾದದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳ ತಂಡ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲೆ ಹಾರಿ, 11ರ ನಸುಕಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಸುಮಾರು ಹದಿನೇಳು ಗಂಟೆ. ಎರಡು ಸಿಲಿಕಾನ್ ನಗರಗಳ ನಡುವಿನ ಮೊದಲ ನೇರ ವಿಮಾನ ಅದು. ಅದಕ್ಕೂ ಮೊದಲು, 2019ರ ಆಗಸ್ಟ್ 15ರಂದು ದೆಹಲಿಯ ವಿಮಾನವನ್ನು ಧ್ರುವ ಪ್ರದೇಶದ ಮೇಲಿಂದ ಕಳಿಸಿ ನೋಡಿದ್ದರು. ಬೆಂಗಳೂರಿನ ವಿಮಾನ ಶುರುವಾದ ತಿಂಗಳಲ್ಲೇ ಹೈದರಾಬಾದಿನಿಂದ ಷಿಕಾಗೋಗೆ, 2022ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನಗಳು ಆರಂಭವಾದವು. ಇಂಥ ಉದ್ದದ ಹಾರಾಟಗಳು ಶುರುವಾಗುವುದೂ ನಿಲ್ಲುವುದೂ ಇಂಧನದ ಬೆಲೆ ಮತ್ತು ರಾಜಕೀಯದ ಮೇಲೆ. ಟಿಕೆಟ್ ಮಾಡುವ ಮೊದಲು ಆ ವಿಮಾನ ಈಗ ಇದೆಯೇ ಎಂದು ನೋಡಿಕೊಳ್ಳಿ.

ಧ್ರುವದ ದಾರಿ ದಾರದ ಅಳತೆಗೆ ಹತ್ತಿರ, ಆದರೆ ಷರತ್ತುಗಳು ಬಹಳ. ಅಲ್ಲಿನ ಚಳಿಗೆ ಟ್ಯಾಂಕಿನ ಇಂಧನವೂ ತಣ್ಣಗಾಗುತ್ತಾ ಹೋಗುತ್ತದೆ. ನಮ್ಮಲ್ಲಿ ತುಂಬಿಸುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಗೆ ಗಟ್ಟಿಯಾಗತೊಡಗುತ್ತದೆ. ಆ ಮಟ್ಟಕ್ಕೆ ಹತ್ತಿರವಾದರೆ ಪೈಲಟ್ ಕೆಳಗೆ, ಸ್ವಲ್ಪ ಬೆಚ್ಚನೆ ಗಾಳಿಗೆ ಇಳಿಯಬೇಕು, ಅಥವಾ ವೇಗ ಹೆಚ್ಚಿಸಬೇಕು. ಜೊತೆಗೆ ಎರಡೇ ಎಂಜಿನ್ನಿನ ವಿಮಾನ ಎಲ್ಲೇ ಇರಲಿ, ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಮೇಲೆ ನಿಗದಿತ ಹೊತ್ತಿನೊಳಗೆ ಮುಟ್ಟಬಲ್ಲ ನಿಲ್ದಾಣ ಒಂದಿರಲೇಬೇಕು ಎಂಬ ನಿಯಮವಿದೆ.

ಈ ನಿಯಮ ಬರೀ ಕಾಗದದ್ದಲ್ಲ ಎಂದು 2023ರ ಜೂನ್ 6ರಂದು ಕಂಡಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್ನಿನಲ್ಲಿ ತಾಂತ್ರಿಕ ದೋಷ ಕಂಡು, ರಷ್ಯದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಸಿದರು. 216 ಪ್ರಯಾಣಿಕರು, 16 ಸಿಬ್ಬಂದಿ. ಎಲ್ಲರೂ ಸುರಕ್ಷಿತ. ಆದರೆ ಅಷ್ಟು ಜನಕ್ಕೆ ಹೋಟೆಲು ಇಲ್ಲದ ಊರು, ತಾತ್ಕಾಲಿಕ ವ್ಯವಸ್ಥೆಯಲ್ಲಿ ಮಲಗಬೇಕಾಯಿತು. ಬೇರೊಂದು ವಿಮಾನ ಬಂದು ಅವರನ್ನು ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿಸುವ ಹೊತ್ತಿಗೆ ಅಲ್ಲಿ ಜೂನ್ 8 ಆಗಿತ್ತು. ಹದಿನಾರು ಗಂಟೆಯ ದಾರಿಗೆ ಎರಡು ದಿನಕ್ಕೂ ಹೆಚ್ಚು. ಕೈಚೀಲದಲ್ಲಿ ಎರಡು ಮೂರು ದಿನದ ಮಾತ್ರೆ ಇಟ್ಟುಕೊಳ್ಳಿ ಎಂದು ಹಿರಿಯರಿಗೆ ಹೇಳುವುದು ಇದಕ್ಕೇ. ದೊಡ್ಡ ಸೂಟ್‌ಕೇಸಿನಲ್ಲಿಟ್ಟ ಮಾತ್ರೆ ವಿಮಾನದ ಹೊಟ್ಟೆಯೊಳಗೇ ಉಳಿಯುತ್ತದೆ.

ಆಕಾಶಕ್ಕೂ ಬೇಲಿ

ದಾರ, ಬೆಟ್ಟ, ಗಾಳಿ ಆಯಿತು. ಇನ್ನುಳಿದದ್ದು ಮನುಷ್ಯರು ಹಾಕಿದ ಬೇಲಿ. ಪ್ರತಿ ದೇಶದ ನೆತ್ತಿಯ ಮೇಲಿನ ಆಕಾಶ ಆ ದೇಶದ್ದು. ದಾಟಲು ಅನುಮತಿ ಬೇಕು, ಹಣ ಕೊಡಬೇಕು.

2019ರ ಫೆಬ್ರವರಿಯಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ಪೂರ್ತಿ ತೆರೆದದ್ದು ಜುಲೈ 16ರಂದು. ಅಷ್ಟರಲ್ಲಿ, ಜುಲೈ 2ರವರೆಗೆ, ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಗಿತ್ತು ಎಂದು ಸರ್ಕಾರ ರಾಜ್ಯಸಭೆಗೆ ತಿಳಿಸಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ಕಂಪನಿಗಳಿಗೆ ರಷ್ಯದ ಆಕಾಶ ಮುಚ್ಚಿಹೋಯಿತು. ಭಾರತದ ಕಂಪನಿಗಳಿಗೆ ಮುಚ್ಚಲಿಲ್ಲ. ಎರಡು ಊರುಗಳ ನಡುವಿನ ಅಂತರ ವಿಮಾನದ ಬಾಲದ ಮೇಲಿನ ಬಣ್ಣ ನೋಡಿ ಬದಲಾಗತೊಡಗಿತು ಎನ್ನಬಹುದು!

2025ರ ಏಪ್ರಿಲ್ 24ರಂದು, ಪಹಲ್ಗಾಮ್ ದಾಳಿಯ ಬೆನ್ನಿಗೆ, ಪಾಕಿಸ್ತಾನ ಭಾರತದ ವಿಮಾನಗಳಿಗೆ ಮತ್ತೆ ಬಾಗಿಲು ಹಾಕಿತು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ವಿಮಾನ ಮೊದಲು ಗುಜರಾತಿನ ಕಡೆಗೆ ಇಳಿದು, ಅರಬ್ಬೀ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ಅಮೆರಿಕದಿಂದ ಬರುವ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿದವು. ಕೆಲವು ದೂರದ ಹಾರಾಟಗಳಿಗೆ ಮೂರು ಗಂಟೆವರೆಗೂ ಹೆಚ್ಚಾಯಿತು. ಇಲ್ಲಿ ಸುಮ್ಮನೆ ಗಂಟೆ ಎನ್ನುತ್ತೇವೆ, ಆದರೆ ಬೋಯಿಂಗ್ 777 ಒಂದು ಗಂಟೆಗೆ ಏಳೆಂಟು ಟನ್ ಇಂಧನ ಕುಡಿಯುತ್ತದೆ. ಮೂರು ಗಂಟೆ ಹೆಚ್ಚಿಗೆ ಹಾರಬೇಕೆಂದರೆ ಇಪ್ಪತ್ತು ಟನ್ನಿಗೂ ಹೆಚ್ಚು ಹೊತ್ತುಕೊಂಡು ಹೊರಡಬೇಕು, ಆ ಇಪ್ಪತ್ತು ಟನ್ ಹೊರುವುದಕ್ಕೇ ಮತ್ತಷ್ಟು ಇಂಧನ ಬೇಕು. ಜಾಗ ಸಾಲದಿದ್ದರೆ ಸೀಟು ಖಾಲಿ ಬಿಡಬೇಕು ಅಥವಾ ದಾರಿಯಲ್ಲಿ ಇಳಿಯಬೇಕು. ಟಿಕೆಟ್ ದರ ಏಕೆ ಏರಿತು ಎಂದು ಕೇಳುವವರಿಗೆ ಉತ್ತರದ ಒಂದು ಪಾಲು ಇಲ್ಲಿದೆ.

ಹೀಗಾಗಿ 12,380 ಎಂಬ ಸಂಖ್ಯೆಯನ್ನು ನಂಬಿ ಗಂಟೆ ಲೆಕ್ಕ ಹಾಕಬೇಡಿ. ಸಿಂಗಪುರದಿಂದ ನ್ಯೂಯಾರ್ಕಿಗೆ ದಾರದ ಅಳತೆ 15,300 ಚಿಲ್ಲರೆ. ಮೇಲೆ ಹೇಳಿದ 2016ರ ಏರ್ ಇಂಡಿಯಾ ಹಾರಾಟವೂ 15,300. ಆದರೆ ಅದು ವಿಮಾನ ನಿಜವಾಗಿ ಹಾರಿದ ದೂರ, ಇದು ದಾರದ್ದು. ಅಲ್ಲಿ ಹದಿನಾಲ್ಕೂವರೆ ಗಂಟೆ, ಇಲ್ಲಿ ಹದಿನೆಂಟು ದಾಟುತ್ತದೆ.

ಮನೆ ಬಾಗಿಲಿನವರೆಗೆ

ಅರ್ಜೆಂಟ್ ಇರುವವರಿಗೆ ಇದರಿಂದ ಏನು ತಿಳಿಯುತ್ತದೆ? ಅರ್ಜೆಂಟ್ ಎಂದರೆ ಯಾವುದು ಎಂದು ನಿಮಗೆ ಗೊತ್ತು. ಶಿವಮೊಗ್ಗದಲ್ಲಿ ತಂದೆ ತೀರಿಕೊಂಡಿದ್ದಾರೆ, ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ದೆಹಲಿಯಲ್ಲಿರುವ ತಂಗಿಗೆ ಊರಿನಿಂದ ಫೋನ್: ಅಣ್ಣ ಎಷ್ಟು ಹೊತ್ತಿಗೆ ಬರುತ್ತಾನೆ, ಕಾಯೋಣವೇ ಬೇಡವೇ? ಆಗ ಹದಿನಾರು ಗಂಟೆ ಎಂದು ಬಾಯಿಗೆ ಬಂದ ಲೆಕ್ಕ ಹೇಳಿದರೆ ಊರಿನವರು ಅದನ್ನೇ ನಂಬಿ ಕೂರುತ್ತಾರೆ.

ಸರಿಯಾದ ಲೆಕ್ಕ ಹೀಗೆ. ಮನೆ ಬಿಟ್ಟು ವಿಮಾನ ಮೇಲೇರುವವರೆಗೆ ನಾಲ್ಕು ಗಂಟೆ. ದೆಹಲಿಗೆ ಹದಿನಾರು. ದೆಹಲಿಯಲ್ಲಿ ಇಮಿಗ್ರೇಷನ್, ಲಗೇಜು, ಮುಂದಿನ ವಿಮಾನಕ್ಕೆ ಕಾಯುವುದು ನಾಲ್ಕು. ಬೆಂಗಳೂರಿಗೆ ಮೂರು. ಹೊರಬರಲು ಒಂದು. ಶಿವಮೊಗ್ಗಕ್ಕೆ ಕಾರಿನಲ್ಲಿ ಆರು. ಕೂಡಿಸಿದರೆ ಮೂವತ್ತನಾಲ್ಕು ಗಂಟೆ, ಅದೂ ಫೋನ್ ಬಂದ ಕೂಡಲೇ ಹೊರಡುವ ವಿಮಾನದಲ್ಲಿ ಸೀಟು ಸಿಕ್ಕಿದರೆ. ಇದರಲ್ಲಿ ಆಕಾಶದ್ದು ಹತ್ತೊಂಬತ್ತು, ಉಳಿದ ಹದಿನೈದು ನೆಲದ್ದೇ. ನೇರ ವಿಮಾನ ನಾಳೆ ಸಂಜೆಗಿದ್ದು, ದುಬೈ ಮೂಲಕದ್ದು ಇನ್ನು ಮೂರು ನಾಲ್ಕು ಗಂಟೆಯಲ್ಲಿ ಹೊರಡುವಂತಿದ್ದರೆ ಕಣ್ಣು ಮುಚ್ಚಿ ದುಬೈ ಹಿಡಿಯಿರಿ. ಅಲ್ಲಿಂದ ಬೆಂಗಳೂರಿಗೆ ದಾರದ ಲೆಕ್ಕದಲ್ಲಿ ಒಟ್ಟು ಸುಮಾರು 15,700 ಕಿಲೋಮೀಟರ್, ನೇರ ದಾರಿಗಿಂತ 1,700 ಹೆಚ್ಚು. ಆಕಾಶದಲ್ಲಿ ಅದು ಎರಡು ಗಂಟೆಯ ಮಾತು ಅಷ್ಟೇ. ಯಾವುದು ಮೊದಲು ಹೊರಡುತ್ತದೆ, ನಡುವೆ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ದೂರಕ್ಕಿಂತ ದೊಡ್ಡ ಲೆಕ್ಕ. ಊರಿಗೆ ಹೇಳುವಾಗ ಗಂಟೆ ಎಣಿಸಿ ಹೇಳಬೇಡಿ, ಭಾರತದ ವಾರ ಮತ್ತು ವೇಳೆ ಹೇಳಿ: ಬುಧವಾರ ರಾತ್ರಿ ಹತ್ತರ ಮೇಲೆ, ಎಂದು.

ಸಂತೋಷಕ್ಕೆ ಹೊರಡುವ ಹಿರಿಯರ ವಿಷಯಕ್ಕೆ ಬಂದರೆ, ನನ್ನ ಮತ ಸ್ವಲ್ಪ ಬೇರೆ. ಇಂಗ್ಲಿಷ್ ಅಷ್ಟಾಗಿ ಬಾರದ, ಗೇಟು ಬದಲಾದರೆ ಗಾಬರಿಯಾಗುವ ಅಪ್ಪ ಅಮ್ಮನಿಗೆ ನೇರ ವಿಮಾನವೇ ವಾಸಿ, ಹತ್ತಿಪ್ಪತ್ತು ಸಾವಿರ ಹೆಚ್ಚಾದರೂ. ಆದರೆ ಮಂಡಿನೋವು, ಕಾಲು ಬಾವು ಇರುವವರಿಗೆ ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರುವುದು ಸಣ್ಣ ಶಿಕ್ಷೆಯಲ್ಲ. ಅಂಥವರಿಗೆ ನಡುವೆ ಒಂದು ಕಡೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು ಒಳ್ಳೆಯದು, ಮೊದಲೇ ವೀಲ್‌ಚೇರ್ ಹೇಳಿಟ್ಟರೆ ಗೇಟಿನ ಚಿಂತೆಯೂ ಇಲ್ಲ. ನೇರ ವಿಮಾನದಲ್ಲೇ ಹೋಗುವುದಾದರೆ ನಡುದಾರಿಯ ಬದಿಯ ಸೀಟು ಕೇಳಿ, ಎರಡು ಗಂಟೆಗೊಮ್ಮೆ ಎದ್ದು ಓಡಾಡಲು ಹೇಳಿ.

ಸಕ್ಕರೆ ಕಾಯಿಲೆ ಇರುವವರು ಮಾತ್ರೆ, ಇನ್ಸುಲಿನ್ ಹೊತ್ತನ್ನು ಹೊರಡುವ ಮೊದಲು ಡಾಕ್ಟರ ಹತ್ತಿರ ಬರೆಸಿಕೊಳ್ಳಬೇಕು. ಕಿಟಕಿಯಾಚೆ ಕತ್ತಲಾಯಿತು ಎಂದು ರಾತ್ರಿಯ ಮಾತ್ರೆ ನುಂಗಿದರೆ ಕೆಲಸ ಕೆಡುತ್ತದೆ. ಪೆಸಿಫಿಕ್ ಮೇಲೆ ಆ ಕತ್ತಲು ಬರುವ ಹೊತ್ತಿಗೆ ಇಲ್ಲಿ ನೀವು ಮಧ್ಯಾಹ್ನದ ಊಟವನ್ನೂ ಮುಗಿಸಿರುವುದಿಲ್ಲ. ಅಪ್ಪನ ಕೈಗಡಿಯಾರವನ್ನು ಅಲ್ಲಿ ಇಳಿಯುವವರೆಗೂ ಭಾರತದ ವೇಳೆಯಲ್ಲೇ ಬಿಡಿ, ಮಾತ್ರೆಯ ಡಬ್ಬಿಯ ಮೇಲೂ ಭಾರತದ ವೇಳೆಯನ್ನೇ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದಂಟಿಸಿ.